ಏಕಾದಶಿ ಎಂಬ ಸೀಸದ ಇಡ್ಲಿ

ನಾನು ಒಂದು ಸೀಸದ ತುಂಡು. ಆಕಾರದಲ್ಲಿ ಇಡ್ಲಿ, ಬಣ್ಣದಲ್ಲಿ ಹಳದಿ, ಹೆಸರು ಏಕಾದಶಿ. ನಗಬೇಡಿ. ಮುಕ್ಕಾಲು ಕಿಲೋ ತೂಗುವ ನನಗೆ ಸಿಕ್ಕಷ್ಟು ಮರ್ಯಾದೆ ಹುಬ್ಬಳ್ಳಿಯಲ್ಲಿ ಎಷ್ಟೋ ದೊಡ್ಡ ಮನುಷ್ಯರಿಗೆ ಸಿಕ್ಕಿಲ್ಲ.

ಮೊದಲು ನಾನು ಒಂದಾಗಿರಲಿಲ್ಲ. ಲಾರಿ, ಟೆಂಪೊ, ಬಾಡಿಗೆ ಕಾರುಗಳ ಗಾಲಿಗಳು ಗಡಗಡ ನಡುಗದಿರಲಿ ಎಂದು ಅಂಚಿಗೆ ಸಿಕ್ಕಿಸುವ ಸಣ್ಣ ಸಣ್ಣ ಸೀಸದ ಚೂರುಗಳಾಗಿ ಊರೆಲ್ಲ ಸುತ್ತುತ್ತಿದ್ದೆ. ಕೊನೆಗೆ ಗಬ್ಬೂರು ಬೈಪಾಸಿನ ಹತ್ತಿರ ದಾವಲಸಾಬ ನದಾಫನ ಟೈರ್ ಅಂಗಡಿಯಲ್ಲಿ ಒಂದು ಡಬ್ಬಿ ಸೇರಿದೆ. ದಾವಲಸಾಬ ಆಗ ಎಮ್ಮೆಯಂಥ ಆಳು. ಅವನು ಸ್ಟೂಲಿನ ಮೇಲೆ ಕೂತರೆ ಅದು ನರಳುವುದು ಡಬ್ಬಿಯೊಳಗಿದ್ದ ನಮಗೂ ಕೇಳಿಸುತ್ತಿತ್ತು.

ವಾರವೆಲ್ಲ ಟೈರು ಬಿಚ್ಚುವ ಈ ಮನುಷ್ಯನಿಗೆ ಭಾನುವಾರ ಒಂದು ಹುಚ್ಚಿತ್ತು. ಗೋ-ಕಾರ್ಟ್ ಓಡಿಸುವುದು. ನೋಡದವರಿಗೆ ಹೇಳುತ್ತೇನೆ: ಕಬ್ಬಿಣದ ಪೈಪಿನ ಚೌಕಟ್ಟು, ನಾಲ್ಕು ಪುಟ್ಟ ಗಾಲಿ, ಹಿಂದೆ ಹಳೆಯ ಬೈಕಿನ ಎಂಜಿನ್ನು. ಛಾವಣಿ ಇಲ್ಲ, ಬಾಗಿಲು ಇಲ್ಲ. ಕೂತವನಿಗೂ ನೆಲಕ್ಕೂ ನಡುವೆ ಗೇಣು ಜಾಗವೂ ಇರುವುದಿಲ್ಲ. ಬಾಗಿಲು ಮುಚ್ಚಿದ ಒಂದು ಹತ್ತಿ ಗಿರಣಿಯ ಕಾಂಕ್ರೀಟು ಅಂಗಳದಲ್ಲಿ ಹತ್ತು ಹನ್ನೆರಡು ಜನ ಸೇರಿ ಇದನ್ನು ಓಡಿಸುತ್ತಿದ್ದರು. ಯಾರಿಗೂ ಇದರಿಂದ ಮೂರು ಕಾಸಿನ ಲಾಭವಿಲ್ಲ. ಬೆನ್ನು ನೋವು ಮಾತ್ರ ಖಾಯಂ.

ಅವರಲ್ಲಿ ದಾವಲಸಾಬನ ಜೀವದ ಗೆಳೆಯ ಪ್ರಲ್ಹಾದ ಕಟ್ಟಿ. ರೈಲ್ವೆ ವರ್ಕ್‌ಶಾಪಿನಲ್ಲಿ ಕಾರಕೂನ. ದಾವಲಸಾಬನ ಒಂದು ತೊಡೆಯಷ್ಟು ಇಡೀ ಕಟ್ಟಿ ಇದ್ದ. ಹಗುರ ಇದ್ದವನ ಗಾಡಿ ಜೋರಾಗಿ ಓಡುತ್ತದಲ್ಲ, ಅದು ಅನ್ಯಾಯವಾಗಬಾರದೆಂದು ಮಂಡಳಿಯವರು ಒಂದು ನಿಯಮ ಮಾಡಿದ್ದರು. ಓಟ ಮುಗಿದ ಕೂಡಲೇ ಗಾಡಿ, ಸವಾರ ಇಬ್ಬರೂ ಗಿರಣಿಯ ಹಳೆಯ ತಕ್ಕಡಿಯ ಮೇಲೆ ನಿಲ್ಲಬೇಕು. ಗೊತ್ತುಮಾಡಿದ ತೂಕಕ್ಕಿಂತ ಕಡಿಮೆ ಇದ್ದರೆ ಗೆದ್ದವನೂ ಗೆದ್ದಂತಲ್ಲ. ಕಡಿಮೆ ಬೀಳುವವರು ಸೀಟಿಗೆ ಸೀಸ ಬಿಗಿದುಕೊಂಡು ಓಡಿಸಬೇಕು. ಕಟ್ಟಿಯ ಸೀಟಿನ ಬೆನ್ನಿಗೆ ಒಂದು ದೊಡ್ಡ ಸೀಸದ ಹಲಗೆ ಇತ್ತು. ಅದನ್ನು ಎರಕ ಹೊಯ್ದವನು ದಾವಲಸಾಬನೇ. ಸಂಬಂಧದಲ್ಲಿ ಅದು ನನಗೆ ಅಣ್ಣ.

ತೂಗುವವರು ಬಸಲಿಂಗಪ್ಪ ಕಾಕಾ. ಹತ್ತಿ ಮಾರ್ಕೆಟ್ಟಿನಲ್ಲಿ ತೂಕ ಮಾಡಿಯೇ ತಲೆ ಬೆಳ್ಳಗಾದವರು. ಅವರದು ಇನ್ನೊಂದು ನಿಯಮ: ಓಟ ಮುಗಿಸಿ ತಕ್ಕಡಿ ಹತ್ತುವ ತನಕ ಬಾಯಿಗೆ ಏನೂ ಹಾಕುವಂತಿಲ್ಲ, ಗುಟುಕು ನೀರನ್ನೂ. ಹಿಂದೆ ಯಾರೋ ಒಬ್ಬ ಮಹಾಶಯ ಎರಡು ತಂಬಿಗೆ ನೀರು ಕುಡಿದು ತೂಕ ತುಂಬಿಸಿಕೊಂಡಿದ್ದನಂತೆ.

ಇನ್ನು ನನ್ನ ಹುಟ್ಟಿಗೆ ಕಾರಣವಾದ ದಿನ. ಶಿವರಾತ್ರಿ ಕಳೆದ ಮೊದಲ ಭಾನುವಾರ ವರ್ಷದ ಕಪ್ಪಿನ ಓಟ; ಗೆದ್ದವರಿಗೆ ಪ್ರತಿ ವರ್ಷ ಒಂದು ಹೊಸ ಕಪ್ಪು. ಆ ವರ್ಷ ಯಾರದೋ ಮದುವೆ ಅಡ್ಡ ಬಂದು ಒಂದು ವಾರ ಮುಂದೆ ಹೋಯಿತು. ಮುಂದೆ ಹೋದದ್ದು ಸರಿಯಾಗಿ ಏಕಾದಶಿಗೆ ಬಿತ್ತು. ಕಟ್ಟಿ ಮಾಧ್ವರ ಮನೆಯವನು. ಏಕಾದಶಿ ಎಂದರೆ ಅವನಿಗೆ ಅವಲಕ್ಕಿ ಉಪ್ಪಿಟ್ಟಿನ ಉಪವಾಸವಲ್ಲ, ನೀರೂ ಇಲ್ಲದ ಉಪವಾಸ. ಹಾಗೇ ಬಂದು ಗಾಡಿ ಹತ್ತಿದ. ಹಾಗೇ ಓಡಿಸಿದ. ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗಿಂತ ಮುಂದೆ ಬಂದ. ದಾವಲಸಾಬ ಎರಡನೆಯವನು.

ತಕ್ಕಡಿಯ ಮುಳ್ಳು ಮೇಲಕ್ಕೆ ಏಳಲಿಲ್ಲ. ಅರ್ಧ ಕಿಲೋಗೂ ಕಡಿಮೆ ಅಂತರ. ಅಡಿಗೆಮನೆಯಲ್ಲಿ ಉಳಿದುಹೋದ ಎರಡು ಊಟದ ತೂಕ ಅದು.

"ಕಾಕಾ, ಒಂದು ತಂಬಗಿ ನೀರು ಕುಡಿಲಿ ತಡೀರಿ. ತೂಕ ಬರ್ತೈತಿ," ಎಂದು ದಾವಲಸಾಬ ಗೋಗರೆದ.

"ನಿಯಮ ಅಂದ್ರ ನಿಯಮ," ಎಂದರು ಕಾಕಾ.

"ಕಾಕಾ ಬಿಟ್ರೂ ನಾ ಕುಡಿಯಂಗಿಲ್ಲೋ. ಇವತ್ತ ಏಕಾದಶಿ ಅದ," ಎಂದ ಕಟ್ಟಿ. ಅಷ್ಟು ಹೇಳಿ ಹೆಲ್ಮೆಟ್ಟು ತೆಗೆದು ಬೇವಿನ ಮರದ ಕೆಳಗೆ ಹೋಗಿ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕಪ್ಪು ದಾವಲಸಾಬನಿಗೆ ಹೋಯಿತು. ಅವನು ಅದನ್ನು ಮೆರೆಸಲಿಲ್ಲ. ಅಂಗಡಿಯ ಮೂಲೆಯಲ್ಲಿಟ್ಟು ಅದರಲ್ಲಿ ಟೈರಿನ ವಾಲ್ವಿನ ಟೊಪ್ಪಿಗಳನ್ನು ತುಂಬಿದ. ಕಟ್ಟಿ ಅಂಗಡಿಗೆ ಬಂದಾಗಲೆಲ್ಲ ಹೆಸರು ಕೆತ್ತಿದ ಬದಿಯನ್ನು ಗೋಡೆಗೆ ತಿರುಗಿಸಿಡುತ್ತಿದ್ದ. "ಇದು ನಿಂದೋ, ಒಯ್ಯೋ," ಎಂದು ಎಷ್ಟೋ ಸಲ ಹೇಳಿದ. "ನಾ ಗೆದ್ದಾಗ ಒಯ್ತೀನಿ," ಎಂಬುದೇ ಕಟ್ಟಿಯ ಉತ್ತರ. ಆ ಕಪ್ಪು ಕಟ್ಟಿಯ ಮನೆ ಸೇರಬೇಕು ಎಂಬುದೊಂದೇ ದಾವಲಸಾಬನಿಗೆ ಜೀವಮಾನದ ಆಸೆಯಾಗಿ ಹೋಯಿತು. ನನಗಿದು ಚೆನ್ನಾಗಿ ಗೊತ್ತು, ಏಕೆಂದರೆ ನಾನು ಆ ಆಸೆಯ ಮೊದಲನೆಯ ಪ್ರಯತ್ನ.

ಆ ವಾರವೇ ದಾವಲಸಾಬ ನಮ್ಮನ್ನೆಲ್ಲ ಡಬ್ಬಿಯಿಂದ ಸುರಿದು ಕರಗಿಸಿದ. ಹೊಯ್ಯಲು ಅಚ್ಚು ಬೇಕಲ್ಲ? ಗುಜರಿಯಿಂದ ತಂದ ಹಳೆಯ ಇಡ್ಲಿ ತಟ್ಟೆ ಸಿಕ್ಕಿತು. ಹೀಗೆ ಬಿಸಿ ಬಿಸಿಯಾಗಿ ಹುಟ್ಟಿದೆ ನಾನು. ನಡುವೆ ಬೋಲ್ಟಿಗೆ ತೂತು ಕೊರೆದ. ಸೀಸ ಬರಿಗೈಗೆ ಹತ್ತಬಾರದೆಂದು ಬಣ್ಣ ಬಳಿಯಲು ಹೊರಟವನು ಬಿಳಿ ಬಳಿದರೆ ಯಾರಾದರೂ ಚಟ್ನಿ ಕೇಳಿಯಾರು ಎಂದು ಹಳದಿ ಬಳಿದ. ಮುಂದಿನ ಭಾನುವಾರ ಕಟ್ಟಿಯ ಕೈಗಿಟ್ಟು ಹೇಳಿದ, "ತಗೋ. ಇದರ ಹೆಸರು ಏಕಾದಶಿ. ಉಪವಾಸ ಇದ್ದ ದಿನ ಸೀಟಿಗೆ ಹಚ್ಗೋ."

ಕಟ್ಟಿ ನನ್ನನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕ. ಅಂದೇ ನನಗೆ ಅವನ ಮೇಲೆ ಮೋಹ ಬಂತು.

ನಾನು ಲೋಕವನ್ನು ನೋಡಿದ್ದು ಸೀಟಿನ ಅಡಿಯಿಂದ. ಅಲ್ಲಿಂದ ಮನುಷ್ಯರ ಮುಖ ಕಾಣುವುದಿಲ್ಲ. ಆದರೆ ಮುಖ ನೋಡುವವರಿಗಿಂತ ನನಗೆ ಹೆಚ್ಚು ತಿಳಿಯುತ್ತದೆ ಎಂದು ನನ್ನ ನಂಬಿಕೆ. ತಿರುವಿನಲ್ಲಿ ಸವಾರ ಹೆದರಿದರೆ ಅವನ ಬೆನ್ನು ಗಟ್ಟಿಯಾಗುತ್ತದೆ. ಖುಷಿಯಾದರೆ ಸಡಿಲವಾಗುತ್ತದೆ. ವರ್ಕ್‌ಶಾಪಿನಲ್ಲಿ ಸಾಹೇಬರ ಬೈಗುಳ ತಿಂದ ವಾರ ಕಟ್ಟಿ ಮೊದಲ ಎರಡು ಸುತ್ತು ಕಲ್ಲಿನಂತೆ ಕೂತಿರುತ್ತಿದ್ದ. ಮೂರನೆಯದಕ್ಕೆ ಹತ್ತಿಯಾಗುತ್ತಿದ್ದ. ಸುಟ್ಟ ಎಣ್ಣೆಯ ವಾಸನೆ, ಕಾಂಕ್ರೀಟಿನ ಬಿಸಿ, ಕಿವಿಗೆ ಹತ್ತಿರ ಚೈನಿನ ಸದ್ದು. ಇದಕ್ಕಿಂತ ಒಳ್ಳೆಯ ಜಾಗ ಸೀಸಕ್ಕೆ ಸಿಗಲಾರದು.

ಏಕಾದಶಿ ಹದಿನೈದು ದಿನಕ್ಕೊಮ್ಮೆ ಬಂದರೂ ಭಾನುವಾರಕ್ಕೇ ಬೀಳಬೇಕಲ್ಲ. ಉಳಿದ ದಿನ ನನಗೆ ರಜೆ. ಆಗ ಬೇರೆಯವರೂ ಕೇಳಿ ಒಯ್ಯಲು ಶುರುಮಾಡಿದರು. ದನದ ಡಾಕ್ಟರು ಸುಮಿತ್ರಾ ಬಳಿಗಾರ ನವರಾತ್ರಿಯ ಒಂಬತ್ತು ದಿನ ಒಪ್ಪತ್ತು ಮಾಡುವವಳು. ಗಾಡಿ ಓಡಿಸುವುದರಲ್ಲಿ ಗಟ್ಟಿಗಿತ್ತಿ. ಆದರೆ ಆ ಇಬ್ಬರು ಗೆಳೆಯರ ಹಿಂದೆ ಹೆಚ್ಚಾಗಿ ಮೂರನೆಯವಳು. "ಏಕಾದಶಿ ಎಲ್ಲೈತ್ರಿ?" ಎಂದು ಕೇಳಿ ನನ್ನನ್ನು ಒಯ್ಯುವಳು.

ಕಟ್ಟಿ ಮಾತ್ರ ಮತ್ತೆ ಮೊದಲು ಬರಲಿಲ್ಲ. ಎರಡು, ಎರಡು, ಮೂರು, ಮತ್ತೆ ಎರಡು. ಅವನಿಗೆ ಬೇಸರವೇನೂ ಇರಲಿಲ್ಲ, ಬೆನ್ನು ನನಗೆ ಸುಳ್ಳು ಹೇಳುವುದಿಲ್ಲ. ಬೇಸರವೆಲ್ಲ ಮೊದಲು ಬರುತ್ತಿದ್ದ ದಾವಲಸಾಬನಿಗೆ. ಒಂದು ವರ್ಷ ಅವನು ಕೊನೆಯ ಸುತ್ತಿನಲ್ಲಿ ಬೇಕೆಂದೇ ಕಾಲು ಸಡಿಲಿಸಿದ. ಹಿಂದಿದ್ದ ಕಟ್ಟಿಗೆ ತಿಳಿಯದೇ ಇರುತ್ತದೆಯೇ? ಅವನೂ ಸಡಿಲಿಸಿದ. ಇವನು ನಿಧಾನ ಮಾಡಿದಷ್ಟೂ ಅವನು ನಿಧಾನ. ಮದುವೆ ಮೆರವಣಿಗೆಯಂತೆ ಸಾಗಿದ ಇಬ್ಬರನ್ನೂ ಉಳಿದ ಅಷ್ಟೂ ಜನ ದಾಟಿಕೊಂಡು ಹೋದರು. ಇಳಿದ ಮೇಲೆ ಕಟ್ಟಿ ಒಂದೇ ಮಾತು ಹೇಳಿದ. "ಭಿಕ್ಷಾ ಹಾಕಬ್ಯಾಡ." ಮುಂದೆ ಒಂದು ತಿಂಗಳು ಟೈರ್ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಆ ತಿಂಗಳು ನನಗೂ ಬಹಳ ಬೇಸರವಾಗಿತ್ತು.

ವರ್ಷ ಕಳೆದಂತೆ ಮನುಷ್ಯರ ತೂಕ ಜಾಗ ಬದಲಿಸುತ್ತದೆ. ಕಟ್ಟಿ ನಿವೃತ್ತನಾದ, ಮಧ್ಯಾಹ್ನದ ನಿದ್ದೆ ಕಲಿತ, ಹೊಟ್ಟೆ ಬಂತು. ಒಂದು ಭಾನುವಾರ ಅಣ್ಣ ಸೀಸವನ್ನು ಬಿಚ್ಚಿದರು. ಸ್ವಲ್ಪ ದಿನಕ್ಕೆ ಏಕಾದಶಿಯಂದೂ ನಾನು ಬೇಡವಾದೆ. ಅತ್ತ ದಾವಲಸಾಬನಿಗೆ ಮೊಣಕಾಲು ನೋವು. ತೂಕ ಇಳಿಸು ಎಂದರು ಡಾಕ್ಟರು. ಮಿರ್ಚಿ ಬಿಟ್ಟ, ಪೇಡೆ ಬಿಟ್ಟ, ದಿನಾ ನಸುಕಿನಲ್ಲಿ ನಡೆದ. ಅವನ ಅಂಗಿಯೊಳಗೆ ಇನ್ನೊಬ್ಬ ದಾವಲಸಾಬ ಹಿಡಿಸುವಂತಾದ. ಕೊನೆಗೆ ಅವನೇ ಹೊಯ್ದ ಅಣ್ಣ ಸೀಸ ಅವನ ಸೀಟಿಗೇ ಬಂದು ಕೂತಿತು. ಬಿಗಿದುಕೊಟ್ಟವನು ಕಟ್ಟಿ. "ಈಗ ಗೊತ್ತಾತಿಲ್ಲ, ಹೊತಗೊಂಡು ಓಡ್ಸೋದು ಹೆಂಗಿರ್ತದಂತ?" ಎಂದು ಕಾಡಿದ.

ಆಮೇಲೆ ಆ ವರ್ಷದ ಕಪ್ಪಿನ ಓಟ ಬಂತು. ರಂಜಾನ್ ತಿಂಗಳು. ದಾವಲಸಾಬ ಬೆಳಿಗ್ಗೆ ಕಟ್ಟಿಯ ಮನೆಯ ಮುಂದೆ ನಿಂತು ಕೂಗಿದ, "ಕಟ್ಟಿ, ನಿನ್ನ ಏಕಾದಶಿ ಕೊಡೋ. ರೋಜಾ ಹಿಡದೀನಿ."

ಕಟ್ಟಿ ನಗುತ್ತ ನನ್ನನ್ನು ಒರೆಸಿ ತಂದ. ಗಿರಣಿಯ ಅಂಗಳದಲ್ಲಿ ತಾನೇ ಬಗ್ಗಿ ಬೋಲ್ಟು ಬಿಗಿದ. ಎಷ್ಟೋ ದಿನಗಳ ಮೇಲೆ ಕೆಲಸ ಸಿಕ್ಕ ಸಂತೋಷ ನನಗೆ.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಓಟಕ್ಕೆ ಸ್ವಲ್ಪ ಮೊದಲು ದಾವಲಸಾಬ ಗಾಡಿಯನ್ನು ಕಾವಲುಗಾರರ ಕೋಣೆಯ ಹಿಂದಕ್ಕೆ ತಳ್ಳಿಕೊಂಡು ಹೋದ. ನನ್ನ ಬೋಲ್ಟಿಗೆ ಪಾನಾ ಹಚ್ಚಿದ. ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಅಂಗಳದ ಮೋಟು ಗೋಡೆಯ ಮೇಲಿಟ್ಟ. "ಇವತ್ತೊಂದಿನ ನೀ ಕುಂತು ನೋಡು," ಎಂದ ಮೆಲ್ಲಗೆ.

ನನಗೆ ಎಲ್ಲ ತಿಳಿಯಿತು. ಕಾಲು ಸಡಿಲಿಸಿದರೆ ಕಟ್ಟಿ ಹಿಡಿಯುತ್ತಾನೆ. ಆದರೆ ಪೂರ್ತಿ ಜೋರಾಗಿ ಓಡಿಸಿ, ಮುಂದೆ ಬಂದು, ತಕ್ಕಡಿಯ ಮೇಲೆ ಸೋತರೆ? ಅಂದು ಕಟ್ಟಿ ಕಳೆದುಕೊಂಡದ್ದು ಹೇಗೋ, ಇಂದು ಹಾಗೆಯೇ ತಿರುಗಿ ಸಿಗಬೇಕು. ಅದು ಭಿಕ್ಷೆಯೂ ಅಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ. ಎಷ್ಟು ವರ್ಷ ಕೂತು ಯೋಚಿಸಿದ್ದನೋ.

ನನ್ನ ಬಾಳಿನಲ್ಲಿ ಹೊರಗಿನಿಂದ ನೋಡಿದ ಮೊದಲ ಓಟ ಅದು. ಹಳೆಯ ಗಾಡಿಗಳು ಇಷ್ಟು ಚೆಂದ ಓಡುತ್ತವೆಂದು ನನಗೆ ಗೊತ್ತಿರಲಿಲ್ಲ. ದಾವಲಸಾಬ ಮೊದಲು. ಅವನ ಹಿಂದೆ ಮೈ ಬಗ್ಗಿಸಿ, ಹೊಟ್ಟೆ ಮರೆತು, ಹರೆಯದ ಹುಡುಗನಂತೆ ಕಟ್ಟಿ. ಪ್ರತಿ ತಿರುವಿನಲ್ಲಿ ಮೂಗು ತೂರಿಸುತ್ತಿದ್ದ. ಅವನ ಹಿಂದೆ ಸುಮಿತ್ರಾ. ಹಾಗೆಯೇ ಗೆರೆ ದಾಟಿದರು.

ದಾವಲಸಾಬ ತಕ್ಕಡಿ ಹತ್ತಿದ. ಕಾಕಾ ಕನ್ನಡಕ ಏರಿಸಿ ನೋಡಿದರು, ಮತ್ತೊಮ್ಮೆ ನೋಡಿದರು. "ಕಡಿಮಿ ಐತಿ, ದಾವಲಸಾಬ," ಎಂದರು. ಅವರ ದನಿ ಸಣ್ಣಗಾಗಿತ್ತು.

"ಆತ ಬಿಡ್ರಿ, ನಿಯಮ ಅಂದ್ರ ನಿಯಮ," ಎಂದ ದಾವಲಸಾಬ. ನಗು ತಡೆಯಲು ಅವನು ಮೀಸೆ ಕಡಿಯುತ್ತಿದ್ದ.

"ಕಟ್ಟಿಯವರ, ಬರ್ರಿ."

ಕಟ್ಟಿ ಹೆಲ್ಮೆಟ್ಟು ತೆಗೆದ. ಬೆವರು ಒರೆಸುತ್ತ ಸುಮ್ಮನೆ ಆಚೆ ನೋಡಿದವನ ಕಣ್ಣು ನೇರ ಗೋಡೆಯ ಮೇಲೆ ಬಿತ್ತು. ಬಿಸಿಲಿನಲ್ಲಿ ಹಳದಿಯಾಗಿ ಹೊಳೆಯುತ್ತ ಕೂತಿದ್ದೇನೆ ನಾನು. ಅಡಗಿಕೊಳ್ಳಲು ನನಗೆ ಕಾಲಿಲ್ಲ. ಅವನು ನನ್ನನ್ನು ನೋಡಿದ, ದಾವಲಸಾಬನ ಮೀಸೆ ನೋಡಿದ. ಮತ್ತೆ ನನ್ನನ್ನು ನೋಡಿದ.

ಆಮೇಲೆ ಗಾಡಿಯನ್ನು ಅಲ್ಲೇ ಬಿಟ್ಟು ಬೇವಿನ ಮರದ ಕಡೆ ನಡೆದ. ಹರವಿಯಿಂದ ಒಂದು ತಂಬಿಗೆ ನೀರು ಮೊಗೆದು ಎಲ್ಲರ ಎದುರಿಗೆ ಗಟಗಟ ಕುಡಿದ.



"ಇದೇನ್ ಮಾಡಿದ್ರಿ, ಕಟ್ಟಿಯವರ?" ಎಂದರು ಕಾಕಾ. "ತಕ್ಕಡಿ ಹತ್ತೂಕಿಂತ ಮೊದಲ ನೀರು ಕುಡದ್ರ ನೀವೂ ಹೊರಗ."

"ನೀರಡಿಕಿ ಆಗಿತ್ರಿ, ಕಾಕಾ," ಎಂದ ಕಟ್ಟಿ.

ಕಪ್ಪು ಸುಮಿತ್ರಾಳಿಗೆ ಹೋಯಿತು. ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಹೊತ್ತು ಇಳಿಯುವ ತನಕ ದಾವಲಸಾಬ ಗೋಡೆಯ ಮೇಲೆ ನನ್ನ ಪಕ್ಕದಲ್ಲಿ ಕೂತಿದ್ದ. ನನ್ನ ಇನ್ನೊಂದು ಪಕ್ಕದಲ್ಲಿ ಕಟ್ಟಿ ಬಂದು ಕೂತ. "ಇಷ್ಟು ವರ್ಷ ಹೊಟ್ಟ್ಯಾಗ ಇಟ್ಗೊಂಡಿದ್ದೆ. ಎಲ್ಲಾ ಹಾಳ ಮಾಡಿದಿ," ಎಂದ ದಾವಲಸಾಬ.

"ಆ ಕಪ್ಪಿನ ಮ್ಯಾಲೆ ನನಗ ಆಸೆ ಇದ್ದದ್ದು ನಾಕು ದಿನ," ಎಂದ ಕಟ್ಟಿ. "ಆಮ್ಯಾಲೆ ಬಂದಿದ್ದೆಲ್ಲ ನಿನ್ನ ಜೋಡಿ ಓಡ್ಸ್ಲಿಕ್ಕೆ. ಇವತ್ತ ಎಷ್ಟ ಛಲೋ ಓಡಿಸಿದ್ವಿ, ಅದನ್ನ ನೋಡೋ."

 ದಾವಲಸಾಬ ಎದ್ದು ಅಂಗಡಿಗೆ ಹೋಗಿ ಆ ಹಳೆಯ ಕಪ್ಪನ್ನು ತಂದ. ಟೊಪ್ಪಿಗಳನ್ನು ಸುರಿದು, ತಿಕ್ಕಿ ತೊಳೆದಿದ್ದ. ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಮೇಲೆ ಖರ್ಜೂರ ತಿಂದು, ಅದೇ ಕಪ್ಪಿನಲ್ಲಿ ಲಿಂಬೆ ಶರಬತ್ತು ಹೊಯ್ದು ಅರ್ಧ ಕುಡಿದ. ಉಳಿದರ್ಧ ಕಟ್ಟಿ ಕುಡಿದ. ಆ ಕಪ್ಪು ತಯಾರಾದದ್ದು ಯಾತಕ್ಕೋ ಆ ಕೆಲಸಕ್ಕೆ ಬಂದದ್ದು ಅಂದೇ.

ಈಗ ಇಬ್ಬರೂ ಓಡಿಸುವುದಿಲ್ಲ. ಭಾನುವಾರ ಬಂದು ಬೇವಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಓಡಿಸುವವರಿಗೆಲ್ಲ ಬೇಡದ ಬುದ್ಧಿ ಹೇಳುತ್ತಾರೆ. ತೂಗುವ ಕೆಲಸ ಈಗ ಸುಮಿತ್ರಾಳದು. ಆ ಹಳೆಯ ಕಪ್ಪು ಕಾವಲುಗಾರರ ಕೋಣೆಯ ಕಿಟಕಿಯಲ್ಲಿದೆ, ಕಪ್ಪಿನೊಳಗೆ ನಾನಿದ್ದೇನೆ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು, ಹೋದ ದೀಪಾವಳಿಗೆ ದಾವಲಸಾಬ ಮತ್ತೆ ಬಳಿದ. ಭಾರ ಎಂದರೆ ಜನ ಮುಖ ಸಿಂಡರಿಸುತ್ತಾರೆ. ನನಗೆ ಮಾತ್ರ ಭಾರವಾಗಿ ಹುಟ್ಟಿದ್ದಕ್ಕೆ ಒಂದು ದಿನವೂ ದುಃಖವಾಗಿಲ್ಲ. ಹಸಿದು ಬಂದವರನ್ನು ಉಂಡು ಬಂದವರ ಸರಿಸಮ ನಿಲ್ಲಿಸುವ ಕೆಲಸ ನನ್ನದು.

ಮೊನ್ನೆ ಹೊಸದಾಗಿ ಸೇರಿದ ಒಬ್ಬಳು ತೆಳ್ಳಗಿನ ಹುಡುಗಿ ಕಪ್ಪಿನೊಳಗೆ ಇಣುಕಿ ನೋಡಿದಳು. "ಅಜ್ಜಾರ, ಇದೇನ್ರಿ ಹಳದಿದು?"

ದಾವಲಸಾಬ ಕಟ್ಟಿಯ ಮುಖ ನೋಡಿದ. ಕಟ್ಟಿ ದಾವಲಸಾಬನ ಮುಖ ನೋಡಿದ.

"ಇಡ್ಲಿ ಅದವ್ವಾ," ಎಂದ ಕಟ್ಟಿ. "ಉಪವಾಸ ಇದ್ದವರಿಗೆ ಅಷ್ಟ."