ಎದ್ದರೆ ಕಣ್ಣುಕತ್ತಲೆ: ರುದ್ರವ್ವ ಕಂಡುಕೊಂಡ ದಾರಿ

ಪರದೇಶದ ಮೆಡೋವೇಲ್ ಎಂಬ ಊರಿನ ಶಾಲೆಯೊಂದರ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ರುದ್ರವ್ವನದು. ಅರವತ್ತೆರಡರ ಆಕೆ ಸ್ಟಾಪ್ ಫಲಕ ಎತ್ತಿದರೆ ದೊಡ್ಡ ಟ್ರಕ್ಕೂ ಗಪ್ಪನೆ ನಿಲ್ಲುತ್ತಿತ್ತು. ಆರು ವರ್ಷದಲ್ಲಿ ಒಂದು ಮಗುವಿಗೂ ಗೀರು ಬಿದ್ದಿರಲಿಲ್ಲ. ಆ ಹೆಮ್ಮೆ ಆಕೆಯ ನಡಿಗೆಯಲ್ಲೇ ಕಾಣುತ್ತಿತ್ತು.

ಈಚೆಗೆ ಕುರ್ಚಿಯಿಂದ ಎದ್ದರೆ ಸಾಕು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ರುದ್ರವ್ವ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಮಕ್ಕಳು ದಾಟಿದ ಮರುಗಳಿಗೆಯೇ ರಸ್ತೆಬದಿಯಲ್ಲಿ ಕುಸಿದಳು. ಅವತ್ತೇ ಸೂಪರ್‌ವೈಸರಿಗೆ ಫೋನು ಮಾಡಿ, ಡಾಕ್ಟರು ಒಪ್ಪುವವರೆಗೆ ಡ್ಯೂಟಿಗೆ ಬರುವುದಿಲ್ಲ ಎಂದು ತಾನೇ ತಿಳಿಸಿದಳು.

ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿದರು. ನಿಂತಾಗ ತೀರ ಇಳಿಯುತ್ತಿತ್ತು. ಹೆಚ್ಚು ನೀರು, ಬಿಗಿ ಸಾಕ್ಸು, ಯಾವುದೂ ಸಾಲಲಿಲ್ಲ. ಕೊನೆಗೆ ಬಿಪಿ ಏರಿಸುವ ಗುಳಿಗೆ ಬರೆದರು.

ಗಂಡ ಬಸವಂತಪ್ಪ ನಕ್ಕ. “ಊರ ಮಂದಿ ಬಿಪಿ ಇಳಸಾಕ ಗುಳಿಗಿ ನುಂಗತಾರ, ನೀ ಏರಸಾಕ ನುಂಗತೀಯೇನು? ಉಪ್ಪು ಜಾಸ್ತಿ ತಿನ್ನು, ಸಾಕು.”

ಪಕ್ಕದ ಮನೆಯ ನೇತ್ರಾ ಫಾರ್ಮಸಿಸ್ಟು. ನೋಡಲು ಬಂದವಳು ಈ ಮಾತು ಕೇಳಿದಳು. “ಕಾಕಾ, ಎದ್ದು ನಿಂತಾಗ ತಲಿಗೆ ರಕ್ತ ಸಾಲದ ಬೀಳತಾರ. ಬಿದ್ದರ ಸೊಂಟ ಮುರೀತೈತಿ. ಈ ಗುಳಿಗಿ ರಕ್ತನಾಳ ಬಿಗಿ ಮಾಡಿ ಒತ್ತಡ ಹಿಡದ ನಿಲ್ಲಸತೈತಿ. ಉಪ್ಪಂತೂ ಡಾಕ್ಟರ್‌ನ ಕೇಳದ ಜಾಸ್ತಿ ಮಾಡಬ್ಯಾಡ್ರಿ, ಕೆಲವರ ಹಾರ್ಟು, ಕಿಡ್ನಿಗೆ ಅದು ಕೆಟ್ಟದ್ದು.”

ರುದ್ರವ್ವ ಗುಳಿಗೆ ನುಂಗಿ ಸೋಫಾದ ಮೇಲೆ ಒರಗಲು ಹೋದಳು.

“ಕಾಕು, ಮಲಗಬ್ಯಾಡ್ರಿ!” ನೇತ್ರಾ ಕೈ ಹಿಡಿದಳು. “ಮಲಗಿದರ ಬಿಪಿ ವಿಪರೀತ ಏರತೈತಿ. ಇದನ್ನ ಹಗಲಾಗ ಓಡಾಡೋ ಹೊತ್ತಿಗೆ ತಗೋಬೇಕು. ಕಡೀ ಡೋಸು ಮಲಗೂಕಿಂತ ನಾಕು ತಾಸು ಮೊದಲ.”

“ನಿನ್ನಿಯಿಂದ ಇದನ್ನ ನುಂಗಿದಾಗೆಲ್ಲ ತಲ್ಯಾಗ ಇರವಿ ಹರದಂಗ ಆಗತೈತಲ್ಲವಾ?” ರುದ್ರವ್ವ ನೆತ್ತಿ ಕೆರೆದುಕೊಂಡಳು.

“ಕೆಲವರಿಗೆ ಹಂಗ ಆಗತೈತ್ರಿ. ಡಾಕ್ಟರ್‌ಗೆ ಹೇಳ್ರಿ. ನೀವಾಗೇ ಬಿಡಬ್ಯಾಡ್ರಿ.”

ಅಂದಿನಿಂದ ಬಸವಂತಪ್ಪನೇ ದಿನಾ ಬಿಪಿ ನೋಡಿ ಕ್ಯಾಲೆಂಡರಿನಲ್ಲಿ ಬರೆಯತೊಡಗಿದ. ಐದು ವಾರಕ್ಕೆ ನಿಂತಾಗಿನ ಬಿಪಿ ಹತೋಟಿಗೆ ಬಂದು, ಡಾಕ್ಟರು ಡ್ಯೂಟಿಗೆ ಒಪ್ಪಿಗೆ ಕೊಟ್ಟರು. ಆ ಬೆಳಿಗ್ಗೆ ಮಕ್ಕಳು ಓಡಿಬಂದು ಅಪ್ಪಿಕೊಂಡಾಗ ರುದ್ರವ್ವ ನೆಟ್ಟಗೆ ನಿಂತಿದ್ದಳು. ಆಚೆ ಬದಿಯಲ್ಲಿ ಬಸವಂತಪ್ಪ ಅಪರಿಚಿತರಿಗೂ ಹೇಳುತ್ತಿದ್ದ: “ಅಕೀ ನನ್ನ ಹೆಂಡ್ತಿ ನೋಡ್ರಿ!”

ಅಕ್ಕಂದಿರೇ, ಅಣ್ಣಂದಿರೇ, ಎದ್ದಾಗ ತಲೆ ತಿರುಗಿದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ನಿಂತಾಗಲೂ ಬಿಪಿ ನೋಡಿ ಎಂದು ಡಾಕ್ಟರನ್ನು ಕೇಳಿ. ಹಾಸಿಗೆಯಿಂದ ನಿಧಾನವಾಗಿ ಏಳಿ. ಇನ್ನೊಬ್ಬರ ಗುಳಿಗೆ ನುಂಗಬೇಡಿ, ನಿಮ್ಮದನ್ನು ಕೊಡಬೇಡಿ. ಹೇಳಿಕೊಳ್ಳುವುದು ನಾಚಿಕೆಯಲ್ಲ. ಇವತ್ತೇ ಹೇಳಿ.