ಬೋರಣ್ಣನ ಅಕ್ಕಿ

"ಒಂದ್ ಗಳಿಗೆ ಇಲ್ಲೇ ಕುಂತಿರಿ ಸ್ವಾಮಿ, ಸೀಮೆಎಣ್ಣೆ ತಂದ್ಬುಡ್ತೀನಿ," ಎಂದು ಬೋರಣ್ಣ ಖಾಲಿ ಡಬ್ಬ ಎತ್ತಿಕೊಂಡು ಅಂಗಡಿಯ ಮೆಟ್ಟಿಲಿಳಿದ. ಗಂಗಾಧರಯ್ಯನವರು ಬೇಡವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಅವನು ಹೊರಟೇಹೋಗಿದ್ದ.

ಬೇರೆ ದಾರಿಯಿಲ್ಲದೆ ಅವರು ತಕ್ಕಡಿಯ ಹಿಂದೆ, ಬೋರಣ್ಣ ಕೂರುವ ಮಣೆಯ ಮೇಲೆ ಕುಳಿತರು. ಅವರನ್ನು ಕರೆತಂದ ಜಟಕಾದವನು ಎದುರಿನ ಹೊಂಗೆಮರದಡಿ ಕುದುರೆಗೆ ಹುಲ್ಲು ಹಾಕುತ್ತಿದ್ದ. ಜಯನಗರದ ಆ ಬೀದಿಯಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಮೂರು ಬಾಗಿಲು ಆಚೆ, ಹೊಸದಾಗಿ ಸುಣ್ಣ ಬಳಿದ ಮಳಿಗೆಯೊಂದಕ್ಕೆ ಬೀಗ ಬಿದ್ದಿತ್ತು. ಅದರ ಬೀಗದ ಕೈ ಗಂಗಾಧರಯ್ಯನವರ ಕೋಟಿನ ಜೇಬಿನಲ್ಲಿತ್ತು. ನೋಡಿ ಬನ್ನಿ, ಒಪ್ಪಿಗೆಯಾದರೆ ನಾಳೆಯೇ ಕರಾರು ಮಾಡೋಣ ಎಂದು ಮಾಲೀಕರು ಬೆಳಿಗ್ಗೆ ಕೊಟ್ಟಿದ್ದರು. ನೋಡಿದ್ದೂ ಆಗಿತ್ತು, ಒಪ್ಪಿಗೆಯೂ ಆಗಿತ್ತು. ಬೋರಣ್ಣನಿಗೆ ಬೇರೆಯವರ ಬಾಯಿಂದ ತಿಳಿಯುವ ಮೊದಲು ತಾವೇ ಹೇಳುವುದು ಧರ್ಮವೆಂದು ಇಲ್ಲಿಗೆ ಬಂದಿದ್ದರು. ಬಂದವರು ಮಳೆ, ಬೆಳೆ ಎಂದು ಮಾತಾಡುತ್ತ ಉಳಿದುಬಿಟ್ಟಿದ್ದರು.

ತರಗುಪೇಟೆಯ ಅವರ ಮಂಡಿಯಿಂದ ಸಿದ್ದಾಪುರ, ಸಾರಕ್ಕಿ, ಈಗ ಜಯನಗರದ ಬೋರಣ್ಣನಂಥವರ ಅಂಗಡಿಗಳಿಗೂ ಅಕ್ಕಿ ಬೇಳೆ ಹೋಗುತ್ತಿತ್ತು. ಮೂಟೆ ಬಿಚ್ಚಿ ಚಿಲ್ಲರೆ ಮಾರಿದವರಲ್ಲ ಅವರು. ತಮ್ಮ ಅಕ್ಕಿ ಯಾರ ಒಲೆಯ ಮೇಲೆ ಬೇಯುತ್ತದೆಂದು ಅವರಿಗೆ ಗೊತ್ತಿಲ್ಲ; ಉಂಡವರಿಗೆ ಅವರ ಹೆಸರು ಗೊತ್ತಿಲ್ಲ. ವಯಸ್ಸು ಅರವತ್ತಕ್ಕೆ ಹತ್ತಿರವಾದಂತೆ ಅದೊಂದು ಕೊರಗು ಶುರುವಾಗಿತ್ತು. ಬಾಗಿಲ ಮೇಲೊಂದು ಹೆಸರು, ಎದುರಿಗೆ ಬಂದು ನಿಲ್ಲುವ ನಾಲ್ಕು ಜನ. ಅಷ್ಟು ಬೇಕೆನಿಸಿತ್ತು. ಮಂಡಿಯ ದರಕ್ಕೇ ತಾವು ಮಾರಿದರೆ ಬೋರಣ್ಣ ಯುಗಾದಿಯವರೆಗೂ ನಿಲ್ಲಲಾರನೆಂಬುದೂ ಅವರಿಗೆ ತಿಳಿದಿತ್ತು.

"ಬೋರಣ್ಣ ಇಲ್ವೇ?"

ಹಿಂದಿನ ಬೀದಿಯ ಮೇಷ್ಟ್ರ ಹೆಂಡತಿ ಸೀತಮ್ಮ ಕೈಚೀಲ ಹಿಡಿದು ನಿಂತಿದ್ದರು. "ಎರಡು ಸೇರು ಸಣ್ಣಕ್ಕಿ ಹಾಕಿ. ಬೇಗ, ಒಲೆ ಮೇಲೆ ಎಸರಿಟ್ಟು ಬಂದಿದೀನಿ."

ಗಂಗಾಧರಯ್ಯನವರು ಸೇರು ತುಂಬಿದರು. ಮಂಡಿಯ ಅಭ್ಯಾಸದಂತೆ ಅಂಗೈಯಿಂದ ಅದರ ಬಾಯಿ ಸವರಿ ಸಮ ಮಾಡಿದರು. "ಲಾಭಾ..." ಎಂದು ರಾಗ ಎಳೆದು ಚೀಲಕ್ಕೆ ಸುರಿದರು. ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು. ಅವರ ತಂದೆ ಅದನ್ನು ಪದ್ಯ ಓದಿದಂತೆ ಹೇಳುತ್ತಿದ್ದರು.

ಸೀತಮ್ಮನಿಗೆ ನಗು ಬಂತು. "ಇದೇನ್ರೀ, ಸೇರಿನ ತಲೆ ಬೋಳಿಸ್ಬಿಟ್ರಿ! ಬೋರಣ್ಣ ಗೋಪುರ ಕಟ್ಟಿ ಅಳೀತಾನೆ. ಮೇಲೊಂದು ಹಿಡಿ ಕೊಸರು ಬೇರೆ."

ಅವರು ಎರಡನೆಯ ಸೇರಿಗೆ ಗೋಪುರ ಕಟ್ಟಹೋದರು. ಅಕ್ಕಿ ಜಾರಿ ಪಂಚೆಯ ಮೇಲೆಲ್ಲ ಚೆಲ್ಲಿತು.

"ಹೋಗ್ಲಿ ಬಿಡಿ, ರೂಢಿ ಇಲ್ಲ ನಿಮಗೆ. ಬೋರಣ್ಣನ ಕಡೆಯೋರೇ?"

"ಹೂಂ... ಬಹಳ ವರ್ಷದ ಪರಿಚಯ."

"ಅಕ್ಕಿ ಅಂದ್ರೆ ಬೋರಣ್ಣನ ಅಕ್ಕೀನೇ ಕಣ್ರೀ. ಅನ್ನ ಮಾಡಿದ್ರೆ ಮಲ್ಲಿಗೆ ಹರಡಿದ ಹಾಗಿರತ್ತೆ."

ಗಂಗಾಧರಯ್ಯನವರ ಕೈ ಅಕ್ಕಿಯ ಮೂಟೆಯಲ್ಲೇ ನಿಂತಿತು. ಒಂದೊಂದು ಗಾಡಿಯಿಂದಲೂ ಕಾಳು ತೆಗೆದು, ಹಲ್ಲಿನಡಿ ಕಡಿದು ನೋಡಿ ಆರಿಸಿದವರು ಅವರು.

ಸೀತಮ್ಮ ದನಿ ತಗ್ಗಿಸಿದರು. "ಅಲ್ಲಿ ಬೀಗ ಹಾಕಿದೆಯಲ್ಲ, ಅಲ್ಲಿಗೆ ಪೇಟೆ ಮಂಡಿಯೋರೇ ಬರ್ತಾರಂತೆ. ಅಗ್ಗಕ್ಕೆ ಸಿಗತ್ತೆ. ಮೇಷ್ಟ್ರ ಸಂಬಳದಲ್ಲಿ ನಾವಿನ್ನು ಅಲ್ಲಿಗೇ ಹೋಗೋದಪ್ಪ ಅಂತ ಅವನ ಮುಖಕ್ಕೇ ಹೇಳ್ದೆ. ಸುಳ್ಳು ಯಾಕೆ ಹೇಳ್ಬೇಕು?"

"ಏನಂದ ಅವನು?"

"ಹೋಗಿ ತಾಯಿ, ನಾನು ಮಾರೋದೂ ಅವರ ಅಕ್ಕೀನೇ ಅಂದ."

ಸೀತಮ್ಮ ದುಡ್ಡನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ತಾವೇ ಒಂದು ಹಿಡಿ ಕೊಸರು ಬಾಚಿ ಚೀಲಕ್ಕೆ ಹಾಕಿಕೊಂಡು ಹೊರಟರು. ಗಂಗಾಧರಯ್ಯನವರು ಪಂಚೆಯ ಮೇಲಿನ ಅಕ್ಕಿಯನ್ನು ಒಂದೊಂದೇ ಕಾಳಾಗಿ ಆರಿಸತೊಡಗಿದರು.

ಬೋರಣ್ಣ ಬಂದಾಗ ಡಬ್ಬ ಮೊಣಕಾಲಿಗೆ ತಾಗಿ ಢಣ್ಣೆಂದಿತು.

"ಸಿಗಲಿಲ್ಲವೇ?"

"ಇಲ್ಲ ಸ್ವಾಮಿ."

ಡಬ್ಬವನ್ನು ಮೂಲೆಯಲ್ಲಿಡಲು ಅವನು ತಿರುಗಿದ. ಅಂಗಿಯ ಬೆನ್ನಿಗೆಲ್ಲ ಸುಣ್ಣ ಮೆತ್ತಿತ್ತು. ಇಷ್ಟು ಹೊತ್ತೂ ಅವನು ಆ ಹೊಸ ಮಳಿಗೆಯ ಜಗಲಿಯ ಮೇಲೆ, ಗೋಡೆಗೆ ಒರಗಿ ಕೂತಿದ್ದನೆಂದು ಗಂಗಾಧರಯ್ಯನವರಿಗೆ ತಿಳಿಯಿತು.

"ದಸರಾಕ್ಕೆ ಅಕ್ಕಿ ಬೇಕಲ್ಲ?" ಎಂದು ಹೆಗಲ ಮೇಲಿನ ವಲ್ಲಿ ತೆಗೆದು ಇಬ್ಬರ ನಡುವೆ ಹರಡಿದರು.

ಮಂಡಿಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ವಲ್ಲಿಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಮೂಟೆಗೆ ನಲವತ್ತರ ಮೇಲೆ ಎಷ್ಟು ಬೆರಳೋ ಅಷ್ಟು ರೂಪಾಯಿ. ಹೆಚ್ಚಾಯಿತೆನಿಸಿದರೆ ಕೊಳ್ಳುವವನು ಒಂದು ಬೆರಳು ಬಿಡಿಸಿಕೊಳ್ಳುತ್ತಾನೆ. ಬೋರಣ್ಣನಷ್ಟು ಬೆರಳು ಕೀಳುವ ಗಿರಾಕಿ ಮತ್ತೊಬ್ಬನಿರಲಿಲ್ಲ. "ಇವನ ಹತ್ತಿರ ವ್ಯಾಪಾರ ಮಾಡಿದ್ದಕ್ಕೆ ನನ್ನ ಉಂಗುರವೇ ಸವೆದುಹೋಯ್ತು," ಎಂದು ಅವರು ಮಂಡಿಯವರೆದುರು ನಗುವುದಿತ್ತು.

ಅವರು ನಾಲ್ಕು ಬೆರಳು ಹಿಡಿದರು. ಬೋರಣ್ಣನ ಕೈ ಅಲ್ಲಾಡಲಿಲ್ಲ. ಹಿಡಿದಷ್ಟು ಹಿಡಿದುಕೊಳ್ಳಿ ಎಂಬಂತೆ ತಣ್ಣಗೆ ಬಿದ್ದಿತ್ತು.

"ನಾಲ್ಕು ಕಣೋ."

"ಆಗ್ಲಿ ಸ್ವಾಮಿ."

ಹೊಂಗೆಮರದಡಿ ಕುದುರೆ ಗೊರಸು ಕುಟ್ಟಿತು. ಗಂಗಾಧರಯ್ಯನವರು ಎಡಗೈಯಿಂದ ಕೋಟಿನ ಜೇಬು ತಡಕಿ, ಬೀಗದ ಕೈ ತೆಗೆದು ತಕ್ಕಡಿಯ ತಟ್ಟೆಯಲ್ಲಿಟ್ಟರು. ತಟ್ಟೆ ತುಸು ಇಳಿಯಿತು.

"ಇದನ್ನ ಆ ಮಳಿಗೆ ಮಾಲೀಕರಿಗೆ ತಲುಪಿಸಿಬಿಡು. ಚಿಕ್ಕದಾಯ್ತು. ಮೂಟೆ ಹಿಡಿಯಲ್ಲ."

ಬೋರಣ್ಣ ಬೀಗದ ಕೈಯನ್ನೇ ನೋಡಿದ. "ಧಾರಾಳವಾಗಿ ಹಿಡೀತದೆ ಸ್ವಾಮಿ. ಸುಣ್ಣ ಬಳಿಯೋವಾಗ ಒಳಗೆ ಹೋಗಿ ನಾನೇ ನೋಡಿವ್ನಿ."

"ಹಿಡಿಯಲ್ಲ ಅಂದ್ನಲ್ಲ!"

ಅವರು ರೇಗಿದ್ದು ಕೇಳಿ ಜಟಕಾದವನು ಇತ್ತ ತಿರುಗಿದ. ವಲ್ಲಿಯ ಕೆಳಗೆ ಕೈಗಳು ಇನ್ನೂ ಹಾಗೆಯೇ ಇದ್ದವು. ಸ್ವಲ್ಪ ಹೊತ್ತಾದ ಮೇಲೆ, ಗಂಗಾಧರಯ್ಯನವರ ಮುಷ್ಟಿಯಿಂದ ಬೋರಣ್ಣನ ಕಿರುಬೆರಳು ಮೆಲ್ಲಗೆ ಬಿಡಿಸಿಕೊಂಡು ಮಡಿಚಿಕೊಂಡಿತು.