ಬಲಗಡೆ ಗೋಡೆಯ ಅಕ್ಕ

ಅಕ್ಕ ಸತ್ತ ಮೇಲೆ ನನಗೆ ಕೋಪ ಬರುವುದು ನಿಂತುಹೋಯಿತು. ಇದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ನನ್ನದು ವೆಲ್ಡಿಂಗ್ ಶೆಡ್ಡು; ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಮಾಡುತ್ತೇನೆ. ಗಿರಾಕಿಯೊಬ್ಬ ತಾನೇ ಕೊಟ್ಟ ಅಳತೆಗೆ ನಾನು ಮಾಡಿದ್ದ ಗೇಟನ್ನು ವಾಪಸ್ ಹೊತ್ತು ತಂದು, ಕೂರುತ್ತಿಲ್ಲ, ಅಳತೆ ತಪ್ಪಿದವನು ನೀನೇ ಎಂದ. ನಾನು "ಆಯ್ತು, ಬಿಟ್ಟು ಹೋಗಿ" ಎಂದೆ. ಒಳಗಿನಿಂದ ಹೆಂಡತಿ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಏನಿಲ್ಲವಲ್ಲ," ಎಂದಳು.

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನು ಎಂದು ನನಗೆ ಹೆಸರು. ಆ ಹೆಸರು ಸುಳ್ಳಲ್ಲ. ಆದರೆ ಆ ದಿನಗಳಲ್ಲಿ ಮೂಗಿನ ತುದಿಯಲ್ಲಿ ಏನೂ ಇರಲಿಲ್ಲ. ಊಟ ಮಾಡುತ್ತಿದ್ದೆ, ರುಚಿ ತಿಳಿಯುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದೆ, ಬೆಸುಗೆ ಸರಿಯಾಗಿಯೇ ಬೀಳುತ್ತಿತ್ತು, ಆದರೆ ಬೇರೆ ಯಾರದೋ ಕೈ ಮಾಡುತ್ತಿದ್ದಂತೆ ಇತ್ತು.

ಆಗ ಅಕ್ಕನ ಮಗಳು ಪುಟ್ಟಿ ಫೋನ್ ಮಾಡಿದಳು.

"ಮಾಮ, ಯೂನಿವರ್ಸಿಟೀಲಿ ದೊಡ್ಡ ಹಾಲ್ ರಿಪೇರಿ ಮಾಡಿದಾರೆ. ಇಲ್ಲಿ ಪಾಠ ಮಾಡಿದ ದೊಡ್ಡೋರು, ಇಲ್ಲಿ ಓದಿ ದೊಡ್ಡೋರಾದೋರು, ಎಲ್ಲರ ಫೋಟೋ ಹಾಕ್ತಿದಾರೆ. ಅಮ್ಮನ ಫೋಟೋ ಇಲ್ಲ."

"ಕೇಳಿದ್ಯಾ?"

"ಕೇಳಿದೆ. ಆಗಲ್ಲಂತೆ. ನೀವು ಬನ್ನಿ. ಬಂದು ಒಂದು ಸಲ ನಿಮ್ಮ ಬಾಯಿ ಬಿಟ್ರೆ ಸಾಕು. ನನಗೆ ಬೈಯೋಕೆ ಬರಲ್ಲ."

ಅವಳಿಗೆ ಬೈಯಲು ಬರುವುದಿಲ್ಲ ಎಂಬುದು ನಿಜವಲ್ಲ. ಚಿಕ್ಕವಳಿದ್ದಾಗ ನನ್ನ ಹತ್ತಿರವೇ ಕಲಿತಿದ್ದಾಳೆ. ಆದರೂ ಹೊರಟೆ. ಅಕ್ಕ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದ ಕೈ ಎತ್ತಿ ನಿಂತಿರುವ ಒಂದು ಫೋಟೋ ನಮ್ಮ ಮನೆಯಲ್ಲಿತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಅಕ್ಕ ಆ ಯೂನಿವರ್ಸಿಟಿಯಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿದವಳು. ಓದಿದ್ದು ಬೇರೆ ಊರಲ್ಲಿ, ಕೆಲಸ ಅಲ್ಲಿ. ತಲೆಗೂದಲು ಕಪ್ಪಗಿದ್ದಾಗ ಸೇರಿ, ಪೂರ್ತಿ ಬೆಳ್ಳಗಾಗುವವರೆಗೂ ಪಾಠ ಮಾಡಿದಳು, ಆದರೆ ಒಂದು ದಿನವೂ ಖಾಯಂ ಆಗಲಿಲ್ಲ. ವರ್ಷವರ್ಷ ಬರುವ ನೇಮಕದ ಆದೇಶದಲ್ಲಿ ಅವಳ ಹೆಸರಿನ ಮುಂದೆ ಯಾವಾಗಲೂ ಒಂದೇ ಪದ: ಹಂಗಾಮಿ. ನಾನು ಹಳ್ಳಿ ಶಾಲೆಯಲ್ಲಿ ಓದಿದವನು, ಆ ಪದದ ಅರ್ಥ ಕೇಳಿದ್ದೆ. "ಹಂಗೂ ಅಲ್ಲ, ಹಿಂಗೂ ಅಲ್ಲ, ಹಂಗಾಮಿ," ಎಂದಿದ್ದಳು. ಇನ್ನೊಂದು ಸಲ ಕೆದಕಿದಾಗ, "ಲೆಕ್ಕದ ಟೀಚರ್ ಕಣೋ ನಾನು. ಆಟಕ್ಕುಂಟು, ಲೆಕ್ಕಕ್ಕಿಲ್ಲ," ಎಂದು ತಾನೇ ನಕ್ಕಳು. ನಾನು ನಗಲಿಲ್ಲ. ಆಗ ಕೋಪ ಬರುತ್ತಿತ್ತು.

ಅವರದು ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ಹಂಗಾಮಿಗಳನ್ನೆಲ್ಲ ಒಂದು ದಿನ ಕೆಲಸದಿಂದ ತೆಗೆಯುವುದು, ಮಾರನೇ ದಿನ ಹೊಸದಾಗಿ ಸೇರಿಸಿಕೊಳ್ಳುವುದು. ನಡುವೆ ಒಂದು ದಿನ ಕಡಿದುಹೋದರೆ ಹಿಂದಿನದ್ದು ಯಾವುದೂ ಸೇವೆಗೆ ಕೂಡುವುದಿಲ್ಲವಂತೆ. ಆ ಒಂದು ದಿನ ಅಕ್ಕ ನಮ್ಮ ಮನೆಗೆ ಬರುತ್ತಿದ್ದಳು. ಬೆಳಗಿನ ಬಸ್ಸಿಗೆ ಇಳಿದು, ತಿದ್ದಬೇಕಾದ ಉತ್ತರಪತ್ರಿಕೆಗಳ ಚೀಲವನ್ನು ಮೂಲೆಗಿಟ್ಟು, "ಇವತ್ತು ನಾನು ನಿರುದ್ಯೋಗಿ, ಎಬ್ಬಿಸಬೇಡ," ಎಂದು ಶೆಡ್ಡಿನ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಗ್ರೈಂಡರ್ ಕಿರುಚಿದರೂ ಎಚ್ಚರವಾಗುತ್ತಿರಲಿಲ್ಲ. ಸಂಜೆ ಎದ್ದು, ಮುಖ ತೊಳೆದು, ಪತ್ರಿಕೆ ತಿದ್ದಲು ಕೂರುವಳು. "ಇವತ್ತು ನೀನು ಅವರ ಆಳಲ್ಲ, ಬಿಸಾಕು ಆಚೆ," ಎಂದು ನಾನು ಅರಚುತ್ತಿದ್ದೆ. "ಮಕ್ಕಳು ಇವತ್ತೂ ಮಕ್ಕಳೇ ಅಲ್ವೇನೋ," ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ, ಆ ದರಿದ್ರ ಪದ್ಧತಿ ಇಲ್ಲದಿದ್ದರೆ ವರ್ಷಕ್ಕೊಮ್ಮೆಯೂ ಅವಳು ನಮ್ಮ ಮನೆಯಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಹಂಗಾಮಿಗೆ ನಿವೃತ್ತಿ ಎಂಬುದಿಲ್ಲ. ಒಂದು ವರ್ಷ ಆದೇಶ ಬರಲಿಲ್ಲ, ಮುಗಿಯಿತು. ಅದಾದ ಮೇಲೆ ಅಕ್ಕ ಹೆಚ್ಚು ಕಾಲ ಬದುಕಲಿಲ್ಲ. ಭಾವ ಮೊದಲೇ ಹೋಗಿದ್ದ. ಈಗ ಅದೇ ವಿಭಾಗದಲ್ಲಿ, ಅದೇ ಕೊಠಡಿಯಲ್ಲಿ ಪುಟ್ಟಿ ಪಾಠ ಮಾಡುತ್ತಾಳೆ. ಅವಳೂ ಹಂಗಾಮಿ.

ಪುಟ್ಟಿ ಗೇಟಿನಲ್ಲಿ ಕಾಯುತ್ತಿದ್ದಳು. ಮೊದಲು ಹಾಲ್ ತೋರಿಸಿದಳು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಎಡಗಡೆ ಗೋಡೆಗೆ ಪಾಠ ಮಾಡಿದವರು, ಎಲ್ಲರೂ ಗೌನು ತೊಟ್ಟವರು, ಯಾರ ಮುಖದಲ್ಲೂ ನಗುವಿಲ್ಲ. ಬಲಗಡೆ ಗೋಡೆಗೆ ಓದಿ ಹೋದವರು. ಒಬ್ಬ ನ್ಯಾಯಾಧೀಶ, ಸಮುದ್ರದ ತಳ ಶೋಧಿಸಿದವಳೊಬ್ಬಳು, ಫುಟ್‌ಬಾಲ್ ನಾಯಕ, ನಾಟಕದವನು, ಹೃದಯದ ಡಾಕ್ಟರು. ಪುಟ್ಟಿ ಒಬ್ಬೊಬ್ಬರನ್ನೇ ತೋರಿಸುತ್ತ, "ಇವರು ಅಮ್ಮನ ಸ್ಟೂಡೆಂಟು. ಇವರೂ. ಈ ಸಮುದ್ರದವರನ್ನ ಅಮ್ಮ ಎರಡು ಸಲ ಫೇಲ್ ಮಾಡಿದ್ದು," ಎಂದಳು.

"ಗೋಡೆ ಮೇಲೆ ಕೂತವಳು ಪಾಸಾದಳು ಬಿಡು," ಎಂದೆ.

"ಮಾಮ, ತಮಾಷೆ ಸಾಕು. ಒಳಗೆ ಹೋದ್ಮೇಲೆ ಶುರು ಮಾಡಿ. ನಾನು ಏನೂ ಮಾತಾಡಲ್ಲ, ಪಕ್ಕದಲ್ಲಿ ಕೂತಿರ್ತೀನಿ."

ರಿಜಿಸ್ಟ್ರಾರ್ ಕೋಣೆ ಮಹಡಿಯ ಮೇಲೆ. ಸಣಕಲು ಮನುಷ್ಯ, ಕನ್ನಡಕ ಹಣೆಗೆ ಏರಿಸಿಕೊಂಡಿದ್ದ. ನನ್ನನ್ನು ನೋಡಿ ಎದ್ದು ನಿಂತ. ಅವನೂ ಅಕ್ಕನ ಕೈಯಲ್ಲಿ ಕಲಿತವನು. ಅವಳು ಆಸ್ಪತ್ರೆಯಲ್ಲಿದ್ದಾಗ ಬಂದು, ಏನು ಮಾಡಬೇಕೆಂದು ತೋಚದೆ ಹಾಸಿಗೆಯ ಹೊದಿಕೆ ಸರಿಮಾಡಿ ಹೋಗಿದ್ದ. ಒಳ್ಳೆಯವನು. ಒಳ್ಳೆಯವನಿಗೆ ಬೈಯುವುದು ಕಷ್ಟ, ಆದರೆ ಮೊದಲಾಗಿದ್ದರೆ ನಾನು ಅದನ್ನೂ ಮಾಡುತ್ತಿದ್ದೆ.

"ಕೂತ್ಕೊಳ್ಳಿ ಅಣ್ಣ. ಯಾಕೆ ಬಂದಿದೀರಿ ಅಂತ ಗೊತ್ತು," ಎಂದ. "ಎಡಗಡೆ ಗೋಡೆಗೆ ಬೋಧಕವರ್ಗ ಅಂತ ನಿಯಮ ಮಾಡಿಬಿಟ್ಟಿದಾರೆ. ಬೋಧಕವರ್ಗ ಅಂದ್ರೆ ಖಾಯಂ ಆದೋರು. ನಾನು ಸಮಿತೀಲಿ ಎರಡು ಸಲ ಹೇಳ್ದೆ. ಒಬ್ಬರನ್ನ ಹಾಕಿದ್ರೆ ಹಂಗಾಮಿಗಳೆಲ್ಲ ಬರ್ತಾರೆ, ಗೋಡೆ ಸಾಲಲ್ಲ ಅಂದ್ರು."

ಇದು ನಾನು ಎದ್ದು ಮೇಜು ಗುದ್ದಬೇಕಾದ ಜಾಗ. ಪುಟ್ಟಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಗಡಿಯಾರ ನೋಡಿದೆ. ಅದು ನಡೆಯುತ್ತಿತ್ತು.

"ಆದ್ರೆ ಒಂದು ದಾರಿ ಇದೆ," ಎಂದ ರಿಜಿಸ್ಟ್ರಾರ್. ಡ್ರಾಯರ್ ಎಳೆದು ಒಂದು ನಕಲು ಪ್ರತಿ ತೆಗೆದು ನಮ್ಮ ಮುಂದಿಟ್ಟ. ಯೂನಿವರ್ಸಿಟಿಯ ಸರ್ಟಿಫಿಕೇಟು. ಬೇಸಿಗೆಯಲ್ಲಿ ನಡೆದ ತರಬೇತಿ ಶಿಬಿರದಲ್ಲಿ ಇವರು ವಿದ್ಯಾರ್ಥಿಯಾಗಿ ಭಾಗವಹಿಸಿ ಉತ್ತೀರ್ಣರಾಗಿದ್ದಾರೆ ಎಂದಿತ್ತು. ಹೆಸರು ಅಕ್ಕನದು.

ಇದರ ಕಥೆ ನನಗೆ ಗೊತ್ತಿತ್ತು. ಹೊಸ ಉಪನ್ಯಾಸಕರಿಗೆಂದು ನಡೆದ ಶಿಬಿರ ಅದು, ಪಾಠ ಮಾಡಿದವಳು ಅಕ್ಕ. ಕೊನೆಯ ದಿನ ಗುಮಾಸ್ತನಿಗೆ ಯಾರೋ, ಕೊಠಡಿಯಲ್ಲಿ ಇರುವವರಿಗೆಲ್ಲ ಸರ್ಟಿಫಿಕೇಟು ಬರೆ ಎಂದಿದ್ದರು. ಅವನು ತಲೆ ಎಣಿಸಿ ಬರೆದ. ಕೊಠಡಿಯಲ್ಲಿ ಅಕ್ಕನೂ ಇದ್ದಳಲ್ಲ, ಅವಳಿಗೂ ಬಂತು. ಅಕ್ಕ ಅದನ್ನು ನಮ್ಮ ಮನೆಗೆ ತಂದು ಓದಿ ತೋರಿಸಿ, "ನನ್ನ ಪಾಠದಲ್ಲಿ ನಾನೇ ಪಾಸಾದೆ ಕಣೋ, ಸಿಹಿ ಹಂಚು," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

"ಯೂನಿವರ್ಸಿಟಿಯಿಂದ ಯಾವುದೇ ಸರ್ಟಿಫಿಕೇಟು ಪಡೆದೋರು ಹಳೇ ವಿದ್ಯಾರ್ಥಿಗಳು. ನಿಯಮದಲ್ಲೇ ಇದೆ," ಎಂದ ರಿಜಿಸ್ಟ್ರಾರ್. "ಬಲಗಡೆ ಗೋಡೇಲಿ ಹಾಕ್ಬಹುದು. ಯಾರೂ ಕೇಳಲ್ಲ. ನೀವು ಹೂಂ ಅಂದ್ರೆ ಈ ವಾರದಲ್ಲೇ ಹಾಕಿಸ್ತೀನಿ."

"ಆ ಕ್ಲಾಸಲ್ಲಿ ಪಾಠ ಮಾಡಿದ್ದು ಯಾರು?" ಎಂದು ಕೇಳಿದೆ. ನನ್ನ ದನಿ ಬೆಲೆ ವಿಚಾರಿಸುವವನ ದನಿಯಂತಿತ್ತು.

ಅವನು ಕನ್ನಡಕ ಕೆಳಗಿಳಿಸಿಕೊಂಡ. "ಮೇಡಮ್ಮೇ. ನಾನೂ ಕೂತಿದ್ದೆ, ಎರಡನೇ ಬೆಂಚು."

"ಹಾಗಾದ್ರೆ ನಿಮಗೆ ಗೊತ್ತು."

"ಗೊತ್ತು ಅಣ್ಣ."

ಅಷ್ಟರಲ್ಲಿ ಗುಮಾಸ್ತೆಯೊಬ್ಬಳು ಬಂದು ಕಾಗದಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟಳು. "ಸರ್, ಹಂಗಾಮಿ ಆದೇಶಗಳು. ಇವತ್ತೇ ಹೋಗ್ಬೇಕು." ಅವನು ನನ್ನ ಜೊತೆ ಮಾತಾಡುತ್ತಲೇ ಪೆನ್ನು ತೆಗೆದು ಒಂದೊಂದಾಗಿ ಸಹಿ ಹಾಕಲು ತೊಡಗಿದ. ಹೆದರಿಸಲು ಮಾಡಿದ್ದಲ್ಲ. ಕೆಲಸ, ಮಾಡುತ್ತಿದ್ದ. ಆದರೆ ಪುಟ್ಟಿಯ ಕಣ್ಣು ಅವನ ಪೆನ್ನಿನ ಹಿಂದೆ ಹೋಗುತ್ತಿತ್ತು, ಒಂದು ಹಾಳೆಯಿಂದ ಇನ್ನೊಂದಕ್ಕೆ, ಒಲೆಯ ಮೇಲಿಟ್ಟ ಹಾಲನ್ನು ಕಾಯುವವಳಂತೆ. ಆಗ ನನಗೆ ಅರ್ಥವಾಯಿತು, ಇವಳ ಆದೇಶಕ್ಕೂ ಸಹಿ ಹಾಕುವವನು ಇವನೇ, ಅದಕ್ಕೇ ಇವಳಿಗೆ ಬೈಯಲು ಬರುವುದಿಲ್ಲ.

ನಾನು ಬಾಯಿ ಬಿಟ್ಟರೆ ಅವನು ಪುಟ್ಟಿಗೆ ಕೇಡು ಮಾಡುತ್ತಿದ್ದನೇ? ಇಲ್ಲ ಅನ್ನಿಸುತ್ತದೆ. ನಾನು ಸುಮ್ಮನಾದದ್ದು ಅವಳ ಕೆಲಸಕ್ಕೆ ಹೆದರಿಯೇ, ಅಥವಾ ಕೋಪವೇ ಇಲ್ಲದ್ದಕ್ಕೇ? ಅವತ್ತಿನಿಂದ ಹಲವು ಸಲ ಕೇಳಿಕೊಂಡಿದ್ದೇನೆ, ತಿಳಿದಿಲ್ಲ. ಚೀಲದಿಂದ ಫೋಟೋ ತೆಗೆದು ಟವೆಲು ಬಿಚ್ಚಿ ಅವನ ಮುಂದಿಟ್ಟೆ.

ಅವನು ಅದನ್ನು ಬಹಳ ಹೊತ್ತು ನೋಡಿದ. ಸಹಿ ನಿಂತಿತು.

"ಚೆನ್ನಾಗಿದೆ," ಎಂದ. ಆಮೇಲೆ ತಗ್ಗಿದ ದನಿಯಲ್ಲಿ, "ಆದ್ರೆ ಬೋರ್ಡ್ ಮುಂದೆ ನಿಂತಿದಾರೆ. ಕೈಯಲ್ಲಿ ಚಾಕ್‌ಪೀಸ್ ಇದೆ. ವಿದ್ಯಾರ್ಥಿಗಳ ಗೋಡೇಲಿ ಇದು ಗೊಂದಲ ಆಗುತ್ತೆ. ಮುಖ ಮಾತ್ರ ತಗೊಳ್ಳೋದಾ?"

"ತಗೊಳ್ಳಿ," ಎಂದೆ. ಎದ್ದು ನಿಂತು, "ಥ್ಯಾಂಕ್ಸ್," ಎಂದೂ ಹೇಳಿದೆ.

ಪುಟ್ಟಿ ನನಗಿಂತ ಮುಂದೆ ಮೆಟ್ಟಿಲಿಳಿದಳು. ಕೆಳಗೆ ಸೈಕಲ್ ನಿಲ್ಲಿಸುವಲ್ಲಿ ನಿಂತಳು.

"ಬೈಯೋಕೆ ಅಂತ ಕರೆಸಿದ್ರೆ ಥ್ಯಾಂಕ್ಸ್ ಹೇಳಿ ಬಂದ್ರಲ್ಲ ಮಾಮ. ಅಮ್ಮನಿಗೆ ವರ್ಷವರ್ಷ ನೀವೇ ಬೈತಿದ್ರಿ, ಕೊಟ್ಟಿದ್ದಕ್ಕೆ ತಲೆ ಬಗ್ಗಿಸ್ತೀಯ ಅಂತ."

"ಬೈತಿದ್ದೆ."

"ಮತ್ತೆ ಇವತ್ತು?"

"ನೀನು ಬೇಡ ಅಂತ ಒಂದು ಮಾತು ಹೇಳಬಹುದಿತ್ತು. ಮಗಳು ನೀನು."

ಅವಳು ಒಂದು ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಲ್ಲಿ ಒತ್ತಿದಳು, ಅದು ತುಕ್ಕು ಹಿಡಿದು ಕರ್ರ್ ಎಂದಿತು. "ಹೌದು," ಎಂದಳು. "ಊಟ ಮಾಡ್ಕೊಂಡು ಹೋಗಿ."

"ಬೇಡ, ಬಸ್ಸಿದೆ," ಎಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳಿಗೂ ಗೊತ್ತಿತ್ತು.

ಫೋಟೋ ಹಾಕಿದ ಮೇಲೆ ಪುಟ್ಟಿ ಒಂದು ಸಂದೇಶ ಕಳಿಸಿದಳು, ಬಂದು ನೋಡಿ ಎಂದು. ಹೆಂಡತಿ ಒಗೆದ ಅಂಗಿ ಕೊಟ್ಟು ಕಳಿಸಿದಳು. "ಅಲ್ಲಿ ಹೋಗಿ ಜಗಳ ಗಿಗಳ ಮಾಡ್ಬೇಡಿ," ಎಂದಳು, ಅಭ್ಯಾಸದಿಂದ. ಆಮೇಲೆ ನನ್ನ ಮುಖ ನೋಡಿ, "ಮಾಡಿದ್ರೂ ಮಾಡಿ," ಎಂದಳು.

ಬಲಗಡೆ ಗೋಡೆಯಲ್ಲಿ ಅಕ್ಕ ಕೊನೆಯ ಸಾಲಿನಲ್ಲಿದ್ದಳು. ಅಲ್ಲಿ ಫೋಟೋಗಳನ್ನು ಸರ್ಟಿಫಿಕೇಟಿನ ವರ್ಷದ ಪ್ರಕಾರ ಜೋಡಿಸಿದ್ದರು. ಶಿಬಿರ ನಡೆದದ್ದು ಅವಳ ಕೂದಲು ಬಿಳಿಯಾಗಲು ಶುರುವಾದಾಗ. ಹಾಗಾಗಿ ನ್ಯಾಯಾಧೀಶ ಅವಳಿಗಿಂತ ಮೇಲೆ, ಡಾಕ್ಟರು ಮೇಲೆ, ಎರಡು ಸಲ ಫೇಲಾದ ಸಮುದ್ರದವಳು ಅವಳ ನೆತ್ತಿಯ ನೇರಕ್ಕೆ ಮೇಲೆ. ಅವರೆಲ್ಲ ಎಳೆಯರು, ಕಾಲೇಜು ದಿನದ ಫೋಟೋಗಳು. ನಡುವೆ ಅಕ್ಕನದೊಂದೇ ವಯಸ್ಸಾದ ಮುಖ. ಫೇಲಾಗಿ ಫೇಲಾಗಿ ಮುದುಕಿಯಾದ ಮೇಲೆ ಪಾಸಾದವಳಂತೆ ಕಾಣುತ್ತಿದ್ದಳು. ಬೋರ್ಡು ಕತ್ತರಿಸಿದ್ದರು. ಎತ್ತಿದ ಕೈಯೂ ಇರಲಿಲ್ಲ, ಭುಜ ಮಾತ್ರ ಒಂದು ಕಡೆ ಮೇಲೆದ್ದಿತ್ತು, ಏನೋ ಕೇಳಲು ಕೈ ಎತ್ತಿದ ವಿದ್ಯಾರ್ಥಿಯ ಭುಜದ ಹಾಗೆ. ಕೆಳಗೆ ಹಿತ್ತಾಳೆಯ ಪಟ್ಟಿ: ಹೆಸರು, ವರ್ಷ, ಹಳೆಯ ವಿದ್ಯಾರ್ಥಿನಿ.

ಪುಟ್ಟಿ ಪುಸ್ತಕ ಅವಚಿಕೊಂಡು ನನ್ನ ಪಕ್ಕ ಬಂದು ನಿಂತಳು. ಅವಳ ಆದೇಶ ಬಂದಿತ್ತು; ಬಂದಿರದಿದ್ದರೆ ಕೈಯಲ್ಲಿ ಪುಸ್ತಕ ಇರುತ್ತಿರಲಿಲ್ಲ.

ಹುಡುಗಿಯರ ಗುಂಪೊಂದು ಹಾಲಿನೊಳಗೆ ಬಂತು. ಒಬ್ಬಳು ಅಕ್ಕನ ಫೋಟೋದ ಮುಂದೆ ನಿಂತು, ಗೆಳತಿಯ ಮೊಣಕೈ ತಿವಿದು, "ಇಷ್ಟು ವಯಸ್ಸಾದ್ಮೇಲೆ ಓದಿದಾರೆ ನೋಡೇ, ಪಾಪ," ಎಂದಳು. ಪುಟ್ಟಿಯನ್ನು ಕಂಡು ನಾಲಿಗೆ ಕಚ್ಚಿಕೊಂಡು, "ಮೇಡಂ, ಇವರು ಯಾರು?" ಎಂದು ಕೇಳಿದಳು.

ಪುಟ್ಟಿ ನನ್ನ ಕಡೆ ನೋಡಿದಳು. ನಾನು ಏನಾದರೂ ಹೇಳಬಹುದಿತ್ತು. ಆ ಹುಡುಗಿ ರಿಜಿಸ್ಟ್ರಾರ್ ಅಲ್ಲ, ಸಮಿತಿ ಅಲ್ಲ, ಯಾರ ಆದೇಶಕ್ಕೂ ಸಹಿ ಹಾಕುವವಳಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಸಾಕಿತ್ತು. ನಾಲಿಗೆ ಬಾಯಲ್ಲೇ ಇತ್ತು, ಏಳಲಿಲ್ಲ.

"ಕೆಳಗೆ ಬರೆದಿದೆಯಲ್ಲ," ಎಂದಳು ಪುಟ್ಟಿ. "ಹಳೇ ವಿದ್ಯಾರ್ಥಿನಿ. ನಡೀರಿ, ಕ್ಲಾಸಿಗೆ ಹೊತ್ತಾಯ್ತು."

ಹುಡುಗಿಯರು ಮುಂದೆ ಹೋದರು, ಅವಳು ಅವರ ಹಿಂದೆ ಹೋದಳು. ಬಾಗಿಲ ಹತ್ತಿರ ಒಮ್ಮೆ ನಿಂತಳು, ತಿರುಗಲಿಲ್ಲ. ಆಮೇಲೆ ಅವಳ ಚಪ್ಪಲಿಯ ಸದ್ದು ಕಾರಿಡಾರಿನಲ್ಲಿ ಬಹಳ ದೂರದವರೆಗೆ ಕೇಳಿಸಿತು. ಅಷ್ಟು ದೊಡ್ಡ ಕಟ್ಟಡ ಅದು.

ನಾನು ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತು ಎಂದು ಗೊತ್ತಾಗಲಿಲ್ಲ. ಬೀಗದ ಕೈ ಗೊಂಚಲು ಹಿಡಿದ ಜವಾನ ಬಂದು ಒಂದೊಂದೇ ದೀಪ ಆರಿಸುತ್ತ ನನ್ನ ಹತ್ತಿರ ಬಂದ.

"ಯಾರನ್ನ ನೋಡ್ಬೇಕಿತ್ತು?" ಎಂದು ಕೇಳಿದ.

"ನೋಡಿ ಆಯ್ತು," ಎಂದೆ.